ರಾತ್ರಿ ತಂಗುವ ಊರು ಎಷ್ಟು ಎತ್ತರದಲ್ಲಿದೆ?

ದೆಹಲಿಯಿಂದ ಲೇಹ್‌ಗೆ ಕಾರಿನಲ್ಲಿ ಹೋಗಿಬರುವುದೆಂದು ನಿರ್ಧಾರವಾದಾಗ, ನೋಟುಪುಸ್ತಕದಲ್ಲಿ ಮೊದಲು ಗೀಟು ಹಾಕಿ ಬರೆದುಕೊಂಡದ್ದು ರಾತ್ರಿ ತಂಗುವ ಊರುಗಳ ಎತ್ತರ. ದೂರದ ಲೆಕ್ಕ ಆಮೇಲೆ. ಧಾರವಾಡದಿಂದ ಅಕ್ಕ, ಭಾವ ಬರುವವರಿದ್ದರು. ಭಾವನವರಿಗೆ 61 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ವೈದ್ಯರನ್ನು ಕೇಳದೆ ನಾನು ದಿನಾಂಕವನ್ನೇ ಗೊತ್ತುಮಾಡಲಿಲ್ಲ.

ಹತ್ತಿರದ ದಾರಿ ಮನಾಲಿಯದು. ಆದರೆ ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಒಂದು ರಾತ್ರಿ ಕಳೆದು, ಮರುರಾತ್ರಿ ಸರ್ಚುವಿನ ಡೇರೆಯಲ್ಲಿ ಮಲಗಿದರೆ ಅದು 4,290 ಮೀಟರ್. ಎತ್ತರದ ತೆಳು ಗಾಳಿಗೆ ಹೊಂದಿಕೊಳ್ಳಲು ಶರೀರಕ್ಕೆ ದಿನಗಳು ಬೇಕು; ಒಂದೇ ದಿನದಲ್ಲಿ ಅಷ್ಟು ಏರಿದರೆ ಅದು ಹೇಗೆ ನಿದ್ದೆ ಮಾಡೀತು? ಶ್ರೀನಗರದ ದಾರಿ ಸುತ್ತಾದರೂ ಮೆಟ್ಟಿಲಿನ ಹಾಗಿದೆ: ಶ್ರೀನಗರ 1,585, ಕಾರ್ಗಿಲ್ 2,676, ಲೇಹ್ 3,500. ನಡುವೆ 4,108 ಮೀಟರಿನ ಫೋಟು ಲಾ (ಲಾ ಎಂದರೆ ಬೆಟ್ಟ ದಾಟುವ ಕಣಿವೆದಾರಿ) ಹತ್ತಿದರೂ ರಾತ್ರಿಯ ಹೊತ್ತಿಗೆ ಕೆಳಗಿಳಿದಿರುತ್ತೇವೆ. "ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿಗೆ ಐದು ದಿನವೇನಪ್ಪಾ?" ಎಂದು ಭಾವನವರು ಕೇಳಿದರು. ಆ ಐದು ದಿನಗಳೇ ನಮ್ಮ ಔಷಧ ಎಂದೆ. ಶ್ರೀನಗರದಲ್ಲಿ ಎರಡು ರಾತ್ರಿ ಉಳಿದೆವು. ಲೇಹ್ ತಲುಪಿದ ಮೇಲೆ ಎರಡು ದಿನ ಕಾರಿನ ಕೀಲಿಯನ್ನೇ ಮುಟ್ಟಲಿಲ್ಲ.

ಮರಳುವಾಗ ಮಾತ್ರ ಮನಾಲಿ ದಾರಿ. ಇಲ್ಲಿ ನನ್ನನ್ನು ಕಾಡಿದ್ದು ರಸ್ತೆಗೆ ಅಡ್ಡ ಹರಿಯುವ ಹಳ್ಳಗಳು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನಕ್ಕೆ ರಸ್ತೆಯ ಮೇಲೆ ನೀರು ಹೆಚ್ಚುತ್ತದೆ. ಲೇಹ್‌ನಿಂದ ಬರುವವರು ಬಾರಾಲಾಚಾ ಲಾ ಇಳಿಯುವುದು ಸರಿಯಾಗಿ ಅದೇ ಹೊತ್ತಿಗೆ. ಅದಕ್ಕಾಗಿಯೇ ಜುಲೈ ಬಿಟ್ಟು ಸೆಪ್ಟೆಂಬರ್ ನಡುಭಾಗವನ್ನು ಆರಿಸಿದೆ. ಚಳಿ ಹೆಚ್ಚು, ಆದರೆ ಹಳ್ಳಗಳು ಬಡಕಲಾಗಿರುತ್ತವೆ.

ಪೆಟ್ರೋಲಿನ ಲೆಕ್ಕ ಸುಲಭವಾಗಿತ್ತು. ಇದೇ ದಾರಿಯಲ್ಲಿ ಮನಾಲಿ ಕಡೆಗಿರುವ ತಾಂಡಿ ಎಂಬ ಊರಿನ ಬಂಕಿನಲ್ಲಿ, ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂಬ ಫಲಕ ಪ್ರಸಿದ್ಧ. ಲೀಟರಿಗೆ 12 ಕಿಲೋಮೀಟರ್ ಎಂದು ಹಿಡಿದರೂ 31 ಲೀಟರ್ ಸಾಕು, ನಮ್ಮ ಟ್ಯಾಂಕು 45 ಲೀಟರಿನದು. ಲೇಹ್‌ನಲ್ಲಿ ಭರ್ತಿ ಮಾಡಿಸಿದೆವು. ಕ್ಯಾನಿನಲ್ಲಿ ಪೆಟ್ರೋಲ್ ತುಂಬಿ, ಮನುಷ್ಯರು ಕೂತ ಕಾರಿನಲ್ಲಿ ಒಯ್ಯುವುದು ನನಗೆ ಒಪ್ಪಿಗೆಯಿಲ್ಲ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲವಾದ್ದರಿಂದ ಇಬ್ಬರು ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಕೊಂಡೆವು. ಊಟದ ಹೊಣೆ ಅಕ್ಕನದು: ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ.

ಬೆಳಿಗ್ಗೆ ನಾಲ್ಕೂವರೆಗೆ ಲೇಹ್ ಬಿಟ್ಟೆವು. 5,328 ಮೀಟರಿನ ತಂಗ್‌ಲಾಂಗ್ ಲಾದಲ್ಲಿ ಐದು ನಿಮಿಷ ಮಾತ್ರ ಎಂದು ಹೇಳಿದ್ದವನು ನಾನೇ. ಫೋಟೋ ತೆಗೆಯುತ್ತ ಅರ್ಧ ಗಂಟೆ ನಿಲ್ಲಿಸಿದವನೂ ನಾನೇ. ಭಾವನವರಿಗೆ ತಲೆನೋವು ಹತ್ತಿತು. ಆ ದಾರಿಯಲ್ಲಿ ಬಾರಾಲಾಚಾ ಇಳಿಯುವವರೆಗೆ 4,000 ಮೀಟರಿಗಿಂತ ಕೆಳಗೆ ಹೋಗುವ ಅವಕಾಶವೇ ಇಲ್ಲ. ಸರ್ಚುವಿನಲ್ಲಿ ತಂಗೋಣವೆಂದು ಅಕ್ಕ ಅಂದಾಗ ನಾನು ಒಪ್ಪಲಿಲ್ಲ. ನನ್ನ ಹೆಂಡತಿ ಸ್ಟಿಯರಿಂಗ್ ಹಿಡಿದಳು, ನಾನು ಹಿಂದೆ ಕೂತು ಭಾವನವರಿಗೆ ಆಗಾಗ ನೀರು ಕುಡಿಸುತ್ತ, ಮಾತನಾಡಿಸುತ್ತ ಬಂದೆ. ಹಳ್ಳಗಳಲ್ಲಿ ನೀರು ಚಕ್ರದ ಕಾಲುಭಾಗವನ್ನೂ ಮುಟ್ಟಲಿಲ್ಲ.

ಸಂಜೆ ಆರಕ್ಕೆ ಜಿಸ್ಪಾ, ಸುಮಾರು 3,200 ಮೀಟರ್. ಭಾವನವರು ಕೈಕಾಲು ತೊಳೆದು ಬಂದು, ಬೆಳಗಿನಿಂದ ಮುಟ್ಟದ ರೊಟ್ಟಿಯ ಗಂಟನ್ನು ತಾವೇ ಬಿಚ್ಚಿದರು.