ಬೆಸೆದ ಬೆನ್ನಿನೊಂದಿಗೆ ವಿಮಾನ ಪ್ರಯಾಣ: ನನಗೆ ಒಗ್ಗಿದ ಕ್ರಮ

ಸೊಂಟದ ಕಶೇರುಗಳಿಗೆ ಸ್ಕ್ರೂ ಹಾಕಿ ಬೆಸೆದ ಮೇಲೂ ಬಲಗಾಲಿಗೆ ಇಳಿಯುವ ನರದ ನೋವು ನನ್ನನ್ನು ಬಿಟ್ಟಿಲ್ಲ. ಇಂಥದ್ದರಲ್ಲಿ ನಾಲ್ಕೈದು ತಿಂಗಳಿಗೇ, ವೈದ್ಯರ ಒಪ್ಪಿಗೆ ಪಡೆದು, ದೂರದ ವಿಮಾನ ಹತ್ತುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಸರಿ ಎನ್ನಲಿಲ್ಲ. “ಅರ್ಧ ಗಂಟೆ ಕುರ್ಚಿಯಲ್ಲಿ ಕೂರಲಾರದವನು ಒಂಬತ್ತು ಗಂಟೆ ಹೇಗೆ ಕೂರುತ್ತೀಯೋ?” ಎಂದು ಭಾವ ಕೇಳಿದರು. ಕೂರುವುದೇ ಇಲ್ಲವಲ್ಲ ಎಂದೆ. ಒಂದು ವರ್ಷದಿಂದ ಓಡಾಡುತ್ತಿದ್ದೇನೆ. ಕ್ರಮ ಕುದುರಿದ ಮೇಲೆ, ಇಳಿದ ಮರುದಿನ ಹಾಸಿಗೆ ಹಿಡಿದದ್ದಿಲ್ಲ. ಭಾವನೇ ಈಗ ತಮ್ಮ ಮಂಡಿಗೆ ಸಲಹೆ ಕೇಳುತ್ತಾರೆ.

ಮೊದಲು ದುಡ್ಡು ನೀರುಪಾಲಾದ ಬಗೆ. ಕಾಲಿಗೆ ಜಾಗ ಸಿಗುತ್ತದೆಂದು ಟಿಕೆಟ್ಟಿನ ಕಾಲುಭಾಗದಷ್ಟು ಹೆಚ್ಚಿಗೆ ತೆತ್ತು ಗೋಡೆಯೆದುರಿನ ಮೊದಲ ಸಾಲು ಹಿಡಿದೆ. ಅಲ್ಲಿ ಊಟದ ತಟ್ಟೆ ಆರ್ಮ್‌ರೆಸ್ಟಿನೊಳಗೇ ಮಡಚಿಕೊಂಡಿರುವುದರಿಂದ ಆರ್ಮ್‌ರೆಸ್ಟ್ ಮೇಲೇಳುವುದಿಲ್ಲ. ಮುಂದೆ ಸೀಟಿಲ್ಲ, ಹಾಗಾಗಿ ಏರುವಾಗ ಇಳಿಯುವಾಗ ಚೀಲವನ್ನು ಕಾಲ ಬಳಿ ಇಡಗೊಡುವುದಿಲ್ಲ. ಮಾತ್ರೆ ಸಮೇತ ಅದು ತಲೆಯ ಮೇಲಿನ ಪೆಟ್ಟಿಗೆಗೆ ಹೋಗುತ್ತದೆ. ಕೈ ಮೇಲೆತ್ತಿ ಭಾರ ಇಳಿಸಬಾರದ ನಮ್ಮಂಥವರಿಗೆ ಅದು ದಂಡ. ತುರ್ತು ಬಾಗಿಲಿನ ಸಾಲನ್ನಂತೂ ನಮಗೆ ಕೊಡುವುದಿಲ್ಲ, ಕೊಡಲೂ ಬಾರದು. ದುಬಾರಿ ಫೋಮ್ ದಿಂಬೊಂದು ಕೊಂಡೆ. ಅದರ ಮೇಲೆ ಕೂತರೆ ಪಾದ ನೆಲಕ್ಕೆ ತಾಗದೆ ತೊಡೆಯ ಹಿಂಭಾಗವೆಲ್ಲ ಜೋಮು. ಮಲಗಿಕೊಂಡು ಹೋಗುವ ದರ್ಜೆಗೆ ಮೂರೂವರೆ ಪಟ್ಟು ಕೇಳುತ್ತಿದ್ದರು. ಅದೇ ದಾರಿಯನ್ನು ಎರಡು ತುಂಡು ಮಾಡಿ ನಡುವೆ ಒಂದು ರಾತ್ರಿ ತಂಗಿದರೆ, ಕೋಣೆಯ ಬಾಡಿಗೆ ಸೇರಿಸಿಯೂ ಅದರ ಅರ್ಧ ಮುಟ್ಟುವುದಿಲ್ಲ. ಮನೆಯವರ ದೊಡ್ಡ ತಕರಾರು ಇದಕ್ಕೇ ಇತ್ತು: ಒಂದು ಸಲ ಅನುಭವಿಸುವುದನ್ನು ಎರಡು ಸಲ ಮಾಡಿಕೊಳ್ಳುವುದೇಕೆ ಎಂದು. ಆದರೆ ನನ್ನ ನೋವು ಕೂಡುತ್ತಾ ಹೋಗುವ ಬಡ್ಡಿ. ನಾಲ್ಕು ಗಂಟೆಯ ಮೇಲಿನ ಪ್ರತಿ ಗಂಟೆಯೂ ಹಿಂದಿನದಕ್ಕಿಂತ ದುಬಾರಿ.

ಸೀಟು ನಡೆದಾರಿಯ ಬದಿಗೇ ಬೇಕು, ಅದೂ ನೋಯುವ ಕಾಲಿನ ಕಡೆಗೆ ದಾರಿ ಬರುವಂತೆ. ಮೂರು-ಮೂರು ಸೀಟಿನ ವಿಮಾನದಲ್ಲಿ ಬಲಗಾಲಿನವರಿಗೆ ‘ಸಿ’, ಎಡಗಾಲಿನವರಿಗೆ ‘ಡಿ’. ದಾರಿ ಬದಿಯ ಆರ್ಮ್‌ರೆಸ್ಟ್ ಎತ್ತಲು ಬರುವುದಿಲ್ಲವೆಂದು ಎಲ್ಲರೂ ನಂಬಿದ್ದಾರೆ. ಹಲವು ವಿಮಾನಗಳಲ್ಲಿ ಅದರ ಅಡಿಗೆ, ಹಿಂದೆ ಕೀಲಿನ ಹತ್ತಿರ ಬೆರಳಾಡಿಸಿದರೆ ಸಣ್ಣದೊಂದು ಗುಂಡಿ ಸಿಗುತ್ತದೆ. ಅದನ್ನು ಒತ್ತಿ ಹಿಡಿದು ಎತ್ತಿದರೆ ಮೇಲೇಳುತ್ತದೆ. ಆಮೇಲೆ ಸೊಂಟ ತಿರುಚದೆ ಎರಡೂ ಮಂಡಿಗಳನ್ನು ಜೋಡಿಸಿಕೊಂಡು ಹೊರಗೆ ತಿರುಗಿ, ತೊಡೆಯ ಮೇಲೆ ಕೈಯೂರಿ ಏಳಬಹುದು. ಇಪ್ಪತ್ತೈದು ನಿಮಿಷಕ್ಕೊಮ್ಮೆ ಏಳುತ್ತೇನೆ, ನೋವು ಇರಲಿ ಬಿಡಲಿ. ನೋವು ಬಂದ ಮೇಲೆ ಎದ್ದು ಪ್ರಯೋಜನವಿಲ್ಲ.

ಇನ್ನು ಮಾತ್ರೆಯ ವೇಳೆ. ಹತ್ತುವ ಮುಂಚೆ ನುಂಗು ಎಂದು ಎಲ್ಲರೂ ಹೇಳುತ್ತಾರೆ. ವಿಮಾನ ತಡವಾದರೆ ಅದರ ಹಿಡಿತವೆಲ್ಲ ಸಾಲಿನಲ್ಲೇ ಕರಗಿಹೋಗುತ್ತದೆ. ನಮಗೆ ನಿಜವಾದ ಸಂಕಟ ಆಕಾಶದಲ್ಲಿಲ್ಲ, ಇಳಿಯುವ ಹೊತ್ತಿನಲ್ಲಿದೆ: ಸೀಟು ನೆಟ್ಟಗೆ, ಬೆಲ್ಟು ಬಿಗಿ, ಏಳುವಂತಿಲ್ಲ, ನೆಲ ಮುಟ್ಟಿದ ಮೇಲೂ ವಿಮಾನ ಉರುಳಿ ನಿಲ್ಲುವವರೆಗೆ ಕಾಯಬೇಕು. ನನ್ನ ಮಾತ್ರೆ ಹಿಡಿಯಲು ಮುಕ್ಕಾಲು ಗಂಟೆ ಬೇಕು. ಆದ್ದರಿಂದ ಇಳಿಯಲು ಒಂದೂವರೆ ಗಂಟೆ ಇರುವಾಗ ನುಂಗುವಂತೆ ಆ ದಿನದ ಎಲ್ಲ ಮಾತ್ರೆಗಳ ವೇಳೆಯನ್ನೂ ಕೊನೆಯದರಿಂದ ಹಿಂದಕ್ಕೆ ಎಣಿಸಿ ಹೊಂದಿಸುತ್ತೇನೆ. ವೈದ್ಯರು ಹೇಳಿದ ಅಂತರ, ಪ್ರಮಾಣ ಎರಡನ್ನೂ ಮೀರುವುದಿಲ್ಲ. ಸರಿಸುವುದು ಗಡಿಯಾರವನ್ನು ಮಾತ್ರ. ಯಾವ ಮಾತ್ರೆ ಎಂಬುದನ್ನು ಬರೆಯುವುದಿಲ್ಲ. ಅದು ನನ್ನ ಮೈಗೆ ಕೊಟ್ಟದ್ದು.

ಹತ್ತುವ ಹೊತ್ತಿನ ಕಷ್ಟಕ್ಕೆ ಗಾಲಿಕುರ್ಚಿ. ನಡೆಯಬಲ್ಲವನಿಗೆ ಅದೇಕೆ ಎಂದು ನಕ್ಕವರಿದ್ದಾರೆ. ನಡೆಯುವುದಲ್ಲ, ಸಾಲಿನಲ್ಲಿ ಸುಮ್ಮನೆ ನಿಲ್ಲುವುದು ಕೊಲ್ಲುತ್ತದೆ. ಕನಿಷ್ಠ 48 ಗಂಟೆ ಮೊದಲೇ ಹೇಳಿ, ಸಂಕೇತವನ್ನೂ ಕೇಳಿ ಬರೆಸಿಕೊಳ್ಳಿ. ‘ಡಬ್ಲ್ಯುಸಿಎಚ್‌ಆರ್’ ಎಂದರೆ ಮೆಟ್ಟಿಲು ಹತ್ತಬಲ್ಲವರು, ‘ಡಬ್ಲ್ಯುಸಿಎಚ್‌ಎಸ್’ ಎಂದರೆ ಹತ್ತಲಾರದವರು. ಒಂದು ಸಂಸ್ಥೆಯವರು ಕೇಳದೆಯೇ ಮೊದಲನೆಯದನ್ನು ನಮೂದಿಸಿ, ದೂರ ನಿಲ್ಲಿಸಿದ್ದ ವಿಮಾನದ ಏಣಿಯ ಬುಡದಲ್ಲಿ ನನ್ನನ್ನು ಇಳಿಸಿ ಹೋಗಿದ್ದರು. ಕೌಂಟರಿನಲ್ಲಿ ನಡುವಿನ ಸೀಟು ಖಾಲಿ ಇರಿಸಿಕೊಳ್ಳುವ ಉಪಾಯವೂ ಒಂದಿದೆ. ಎಲ್ಲರೂ ಮಾಡಿದರೆ ಕೆಡುತ್ತದೆ, ಹೇಳುವುದಿಲ್ಲ.

ಗಾಳಿ ತುಂಬುವ ದಿಂಬಿನ ವಿಷಯ ಹೇಳಲೇಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯುವುದರಿಂದ, ನೆಲದಲ್ಲಿ ಬಿಗಿಯಾಗಿ ತುಂಬಿದ್ದು ಮೇಲೆ ಉಬ್ಬಿ ಸೊಂಟವನ್ನು ಮುಂದಕ್ಕೆ ತಳ್ಳುತ್ತದೆ. ಮೇಲೆ ತುಂಬಿದ್ದು ಇಳಿಯುವಾಗ, ಬೇಕಾದ ಹೊತ್ತಿಗೇ, ಜೋತುಬೀಳುತ್ತದೆ. ಅರ್ಧ ತುಂಬಿ, ಅಂಗಿಯಡಿ ಇಟ್ಟು, ಕವಾಟಕ್ಕೆ ಕೈ ತಾಗುವಂತೆ ಕೂತರೆ ಸರಿಹೋಗುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ನನ್ನ ಲೆಕ್ಕ ಹಿಡಿಯಬೇಡಿ. ಒಳಗೆ ಉಳಿದ ಗಾಳಿಯೂ ಹೀಗೆಯೇ ಹಿಗ್ಗುತ್ತದೆ. ಊತ ತಡೆಯಲು ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಕಾಲುಚೀಲವನ್ನೂ ಪರೀಕ್ಷಿಸಿದೆ. ಒಂದು ಸಲ ಹಾಕಿ, ಒಂದು ಸಲ ಹಾಕದೆ, ಕಾಲಿನ ಹರಡಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದಾಗ ಸುಮಾರು ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಬಂತು. ರಕ್ತ ಹೆಪ್ಪುಗಟ್ಟುವ ಭಯವಿರುವವರು ಟೇಪು ನಂಬದೆ ವೈದ್ಯರನ್ನು ಕೇಳಿ.

ಚರ್ಮಕ್ಕೆ ಪ್ಯಾಡು ಅಂಟಿಸಿ ಸಣ್ಣ ವಿದ್ಯುತ್ ಹಾಯಿಸಿ ನೋವು ತಗ್ಗಿಸುವ ಟೆನ್ಸ್ ಯಂತ್ರವನ್ನು ಕೈಚೀಲದಲ್ಲೇ ಒಯ್ಯಿರಿ, ಬಿಡಿ ಲಿಥಿಯಂ ಬ್ಯಾಟರಿ ಸರಕಿನಲ್ಲಿ ಹಾಕುವಂತಿಲ್ಲ. ತಪಾಸಣೆಗೆ ಮುನ್ನ ಮೈಮೇಲಿನ ಪ್ಯಾಡು ಕಿತ್ತಿಡಿ; ವೈರು ಅಂಟಿಸಿಕೊಂಡವನನ್ನು ಯಾರೂ ಹಾಗೇ ಬಿಡುವುದಿಲ್ಲ. ನೋವಿಗೆ ಕೊಡುವ ಟ್ರಮಡಾಲ್, ಪ್ರೀಗ್ಯಾಬಲಿನ್ ಕೆಲವು ದೇಶಗಳಲ್ಲಿ ನಿಯಂತ್ರಿತ ಔಷಧಗಳು. ಬರೀ ಹಾದುಹೋಗುವ ದೇಶವಾದರೂ, ರಾತ್ರಿ ತಂಗುವುದಿದ್ದರೆ ಅಲ್ಲಿನ ನಿಯಮ ನೋಡಿಕೊಂಡೇ ಟಿಕೆಟ್ಟು ತುಂಡು ಮಾಡಿ. ಒಮ್ಮೆ ಈ ಕಾರಣಕ್ಕೇ ನಾನು ದಾರಿ ಬದಲಿಸಿ, ರದ್ದತಿ ಶುಲ್ಕವೆಂದು ದರದ ಮೂರನೇ ಒಂದು ಭಾಗ ಕಳೆದುಕೊಂಡೆ.