ಪುನರ್ಪುಳಿ ಸಾರದ ದತ್ತಾಂಶದಲ್ಲಿ ಪೀಕ್ ಪತ್ತೆ: ಸೆಟ್ಟಿಂಗ್ ಹೊಂದಿಸುವ ಕ್ರಮ

ಮಂಗಳೂರು, ಉಡುಪಿ ಕಡೆಯ ಸಂಶೋಧನಾ ವಿದ್ಯಾರ್ಥಿಯೊಬ್ಬರು ಪುನರ್ಪುಳಿ ಸಿಪ್ಪೆಯ ಸಾರವನ್ನು ಎಲ್‌ಸಿ-ಎಂಎಸ್‌ಗೆ (ಮಿಶ್ರಣದ ವಸ್ತುಗಳನ್ನು ಕಾಲಂನಲ್ಲಿ ಬೇರ್ಪಡಿಸಿ ಅವುಗಳ ರಾಶಿ ಅಳೆಯುವ ಉಪಕರಣ) ಹಾಕಿ, ಎಕ್ಸ್‌ಸಿಎಂಎಸ್ ಎಂಬ ತಂತ್ರಾಂಶದ ಸೆಂಟ್‌ವೇವ್ ವಿಧಾನದಿಂದ ಪೀಕ್ (ಒಂದು ವಸ್ತು ಹೊರಬರುವಾಗ ಸಂಕೇತದಲ್ಲಿ ಏಳುವ ಉಬ್ಬು) ಹುಡುಕುತ್ತಿದ್ದಾರೆ ಎಂದುಕೊಳ್ಳೋಣ. ಸೆಂಟ್‌ವೇವ್‌ಗೆ ಸೆಂಟ್ರಾಯ್ಡ್ ದತ್ತಾಂಶವೇ (ಪ್ರತಿ ರಾಶಿಯ ಉಬ್ಬನ್ನು ಒಂದೇ ಬಿಂದುವಾಗಿಸಿದ ದತ್ತಾಂಶ) ಬೇಕು. ಅದಕ್ಕಾಗಿ ಎಂಎಸ್‌ಕನ್ವರ್ಟ್ ತಂತ್ರಾಂಶದಲ್ಲಿ ಫೈಲ್ ಪರಿವರ್ತಿಸುವಾಗ ಪೀಕ್ ಪಿಕಿಂಗ್ ಫಿಲ್ಟರನ್ನು ಎಲ್ಲಕ್ಕಿಂತ ಮೊದಲು ಇಡಬೇಕು.

ಸೆಟ್ಟಿಂಗ್ ಮುಟ್ಟುವ ಮುನ್ನ, ಸಾರದಲ್ಲಿ ಇದೆಯೆಂದು ಖಚಿತವಾಗಿ ಗೊತ್ತಿರುವ ಒಂದು ವಸ್ತುವಿನ ಪೀಕನ್ನು ಕಣ್ಣಾರೆ ನೋಡಬೇಕು. ಪುನರ್ಪುಳಿ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ವಸ್ತು ಇದಕ್ಕೆ ಅನುಕೂಲ (ಅದು ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಶರಬತ್ತಿನಲ್ಲಿ ಹುಡುಕದೆ ಮೆಥನಾಲ್ ಸಾರದಲ್ಲಿ ಹುಡುಕುವುದು ಲೇಸು). ನೆಗೆಟಿವ್ ಮೋಡ್‌ನಲ್ಲಿ (ಋಣ ಅಯಾನುಗಳನ್ನು ಅಳೆಯುವ ಕ್ರಮ) ಅದರ ಅಯಾನು m/z (ರಾಶಿ-ವಿದ್ಯುದಂಶ ಅನುಪಾತ) 601.3535ರಲ್ಲಿ ಬರುತ್ತದೆ. ಅದರ ಕ್ರೋಮಟೋಗ್ರಾಮ್ (ಸಮಯದ ಜೊತೆ ತೀವ್ರತೆ ಬದಲಾಗುವುದರ ನಕ್ಷೆ) ತೆಗೆದು, ಪೀಕ್ ಬುಡದಲ್ಲಿ ಎಷ್ಟು ಸೆಕೆಂಡ್ ಅಗಲವಿದೆ ಎಂದು ಅಳೆಯಿರಿ. ಪೀಕ್ ಅಗಲದ ಮಿತಿ ಹೇಳುವ ಪೀಕ್‌ವಿಡ್ತ್ ಸೆಟ್ಟಿಂಗ್‌ನ ಮೂಲ ಮೌಲ್ಯ 20ರಿಂದ 50 ಸೆಕೆಂಡ್. ಯುಎಚ್‌ಪಿಎಲ್‌ಸಿಯಲ್ಲಿ (ಹೆಚ್ಚು ಒತ್ತಡದಲ್ಲಿ ನಡೆಯುವ ವೇಗದ ಬೇರ್ಪಡಿಕೆ) ಪೀಕ್‌ಗಳು ಹತ್ತು ಸೆಕೆಂಡಿಗೂ ಕಿರಿದಾಗಿರುವುದುಂಟು; ಹಾಗಾಗಿ ಅಳೆದ ಅಗಲಕ್ಕೆ ತಕ್ಕಂತೆ ಇದನ್ನು ಬದಲಿಸಿ. ಇಲ್ಲಿ ಇನ್ನೊಂದು ತೊಡಕಿದೆ: ಐಸೋಗಾರ್ಸಿನಾಲ್‌ನ ಅಣುಸೂತ್ರವೂ ಅದೇ ಆಗಿರುವುದರಿಂದ ಎರಡೂ ಒಂದೇ ರಾಶಿಯಲ್ಲಿ ಕಾಣಿಸುತ್ತವೆ, ಅವು ಕಾಲಂನಲ್ಲಿ ಹತ್ತಿರ ಹತ್ತಿರ ಹೊರಬಂದು, ಪೀಕ್‌ವಿಡ್ತ್ ಅಗಲವಾಗಿ ಉಳಿದಿದ್ದರೆ, ಎರಡು ಪೀಕ್‌ಗಳು ಒಂದಾಗಿ ದಾಖಲಾಗುವ ಸಾಧ್ಯತೆ ಇದೆ.

ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ ಎಂಬ ರಾಶಿ-ವ್ಯತ್ಯಾಸದ ಅಳತೆ) ವಿಷಯದಲ್ಲಿ ಉಪಕರಣದ ಕೈಪಿಡಿಯ ನಿಖರತೆಯ ಅಂಕಿಯನ್ನೇ ನೇರವಾಗಿ ಹಾಕುವುದು ಸರಿಯಲ್ಲ. ಸೆಂಟ್‌ವೇವ್‌ನಲ್ಲಿ ಅದು ಒಂದು ಸ್ಕ್ಯಾನ್‌ನಿಂದ (ಉಪಕರಣ ಒಂದು ಕ್ಷಣದಲ್ಲಿ ಮಾಡುವ ಒಂದು ಅಳತೆ) ಮುಂದಿನ ಸ್ಕ್ಯಾನ್‌ಗೆ ಅಯಾನಿನ ರಾಶಿ ಎಷ್ಟು ಅಲುಗಾಡಬಹುದು ಎಂಬುದರ ಮಿತಿ. 601.35ರಲ್ಲಿ ಮೂಲ ಮೌಲ್ಯವಾದ 25 ಪಿಪಿಎಂ ಎಂದರೆ 0.015; ಗಾರ್ಸಿನಾಲ್ ಪೀಕ್‌ನ ಅಂಚಿನ ದುರ್ಬಲ ಸ್ಕ್ಯಾನ್‌ಗಳನ್ನೂ ಸೇರಿಸಿ ಅಲುಗಾಟವನ್ನು ಅಳೆದು, ಅದಕ್ಕಿಂತ ಸ್ವಲ್ಪ ಹೆಚ್ಚು ಕೊಡಿ.

ದುರ್ಬಲ ಸಂಕೇತಗಳನ್ನು ಮೊದಲೇ ಸೋಸುವ ಪ್ರೀಫಿಲ್ಟರ್‌ನ 3 ಮತ್ತು 100 ಎಂಬ ಮೂಲ ಮೌಲ್ಯಗಳ ಅರ್ಥ, ಕನಿಷ್ಠ ಮೂರು ಸ್ಕ್ಯಾನ್‌ಗಳಲ್ಲಿ ತೀವ್ರತೆ 100 ದಾಟಿರಬೇಕು ಎಂದು. ಹಿನ್ನೆಲೆಯೇ ಸಾವಿರಗಳಲ್ಲಿರುವ ಉಪಕರಣದಲ್ಲಿ ಆ 100 ಏನನ್ನೂ ಸೋಸುವುದಿಲ್ಲ.

ಸಿಗ್ನಲ್-ನಾಯ್ಸ್ ಮಿತಿಯನ್ನು (ಪೀಕ್ ಹಿನ್ನೆಲೆ ಗದ್ದಲಕ್ಕಿಂತ ಕನಿಷ್ಠ ಎಷ್ಟು ಪಟ್ಟು ಎತ್ತರವಿರಬೇಕು ಎಂಬುದು) ಕೊನೆಗೆ ಮುಟ್ಟಿ. ಪೀಕ್ ಸಿಗದಿದ್ದಾಗ ಹಲವರು ಮೊದಲು ಇಳಿಸುವುದು ಇದನ್ನೇ. ಆದರೆ ಪೀಕ್‌ವಿಡ್ತ್ ತಪ್ಪಿದ್ದರೆ ಇದನ್ನು ಇಳಿಸಿ ಸಿಗುವುದು ಬಹುಪಾಲು ಕಸ.

ಪರೀಕ್ಷೆಗೆ ಗಾರ್ಸಿನಾಲ್‌ನ ಐಸೋಟೋಪ್ ಪೀಕ್‌ಗಳನ್ನೇ (ಭಾರದ ಇಂಗಾಲ-13ರಂಥ ಪರಮಾಣು ಸೇರಿದ ಅಣುಗಳ ಪೀಕ್‌ಗಳು) ಬಳಸಬಹುದು. ಅದರಲ್ಲಿ 38 ಇಂಗಾಲದ ಪರಮಾಣುಗಳಿರುವುದರಿಂದ 602.357ರ ಪೀಕ್ ಮುಖ್ಯ ಪೀಕ್‌ನ ಸುಮಾರು ಶೇ. 41ರಷ್ಟು, 603.36ರದ್ದು ಶೇ. 9ರ ಆಸುಪಾಸಿನಲ್ಲಿ ಇರಬೇಕು. ಮೊದಲನೆಯದು ಪಟ್ಟಿಯಲ್ಲಿದ್ದು ಎರಡನೆಯದು ಇಲ್ಲದಿದ್ದರೆ ಸಿಗ್ನಲ್-ನಾಯ್ಸ್ ಮಿತಿಯನ್ನು ಒಂದು ಹೆಜ್ಜೆ ಸಡಿಲಿಸಿ, ಅದೇ ಸೆಟ್ಟಿಂಗ್‌ನಲ್ಲಿ ಬ್ಲ್ಯಾಂಕ್ ಫೈಲನ್ನೂ (ಸಾರವಿಲ್ಲದ ಬರಿ ದ್ರಾವಕದ ಫೈಲ್) ಓಡಿಸಿ; ಬ್ಲ್ಯಾಂಕ್‌ನಲ್ಲಿ ಪೀಕ್‌ಗಳ ಸಂಖ್ಯೆ ಒಮ್ಮೆಲೇ ಏರಿದರೆ ಹಿಂದಿನ ಮೌಲ್ಯಕ್ಕೇ ಮರಳಿ.