ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್

4 ಜಿಬಿ ರ‍್ಯಾಮ್‌ನ ನನ್ನ ಲ್ಯಾಪ್‌ಟಾಪ್ ಏಳುವಷ್ಟರಲ್ಲಿ ಕಾಫಿ ಸೋಸಿ, ಕುಡಿದು, ಲೋಟವನ್ನೂ ತೊಳೆದಿಡಬಹುದಿತ್ತು. ಗುಜರಿಗೆ ಹಾಕುವ ಬದಲು, ವಿಂಡೋಸ್‌ನಂತೆಯೇ ಯಂತ್ರವನ್ನು ನಡೆಸುವ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿದೆ. ಅದು ಹಗುರ.

ಮೊದಲು ಫೋಟೊ, ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ‘ಆಮೇಲೆ ನೋಡೋಣ’ ಎಂದುಕೊಂಡು ನಾನು ಹಿಂದೊಮ್ಮೆ ತಂಗಿಯ ಮದುವೆಯ ಚಿತ್ರಗಳನ್ನು ಕಳೆದುಕೊಂಡಿದ್ದೇನೆ. ಅವಳು ಈಗಲೂ ಆಡಿ ತೋರಿಸುತ್ತಾಳೆ.

ಮಿಂಟ್‌ನ ಜಾಲತಾಣದಿಂದ ಐಎಸ್‌ಒ ಕಡತ (ಇಡೀ ವ್ಯವಸ್ಥೆ ಅಡಕವಾಗಿರುವ ಒಂದೇ ಕಡತ) ಇಳಿಸಿಕೊಂಡು, ರೂಫಸ್ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಸುಮ್ಮನೆ ಕಾಪಿ ಮಾಡಿದರೆ ಅದರಿಂದ ಯಂತ್ರ ಬೂಟ್ ಆಗುವುದಿಲ್ಲ, ಅಂದರೆ ಏಳುವುದಿಲ್ಲ. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿಸಿಹೋಗುತ್ತದೆ ಎಂಬುದೂ ನೆನಪಿರಲಿ.

ಪೆನ್‌ಡ್ರೈವ್ ಚುಚ್ಚಿ, ಯಂತ್ರ ಆನ್ ಆಗುತ್ತಿದ್ದಂತೆ ಬೂಟ್ ಮೆನುವಿನ ಕೀಲಿ ಒತ್ತುತ್ತಿರಿ. ನನ್ನದರಲ್ಲಿ ಅದು ಎಫ್12. ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಮಿಂಟ್ ತೆರೆದುಕೊಂಡಾಗ ಅವಸರಪಡಬೇಡಿ. ಇನ್ನೂ ಏನೂ ಅಳಿಸಿಲ್ಲ, ಎಲ್ಲವೂ ಪೆನ್‌ಡ್ರೈವ್‌ನಿಂದಲೇ ನಡೆಯುತ್ತಿದೆ. ವೈಫೈ, ಧ್ವನಿ, ಟಚ್‌ಪ್ಯಾಡ್ ಪರೀಕ್ಷಿಸಿ. ನನಗೆ ವೈಫೈ ಕೈಕೊಟ್ಟಿತು. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಹಾಕಿ ಅದರ ಇಂಟರ್ನೆಟ್ ಬಳಸಿ, ಅನುಸ್ಥಾಪನೆಯ ನಂತರ ಡ್ರೈವರ್ ಮ್ಯಾನೇಜರಿನಲ್ಲಿ ಸರಿಪಡಿಸಿದೆ.

ಈಗ ಡೆಸ್ಕ್‌ಟಾಪಿನ ‘ಇನ್‌ಸ್ಟಾಲ್’ ಚಿಹ್ನೆ ಒತ್ತಿ. ಭಾಷೆ, ಕೀಲಿಮಣೆ ಸುಲಭ. ನಿಜವಾಗಿ ಎಚ್ಚರ ಬೇಕಾದದ್ದು ಒಂದೇ ಕಡೆ: ‘ಇರೇಸ್ ಡಿಸ್ಕ್’ ಆರಿಸಿದರೆ ಹಳೆಯದೆಲ್ಲ ಹೋಗುತ್ತದೆ, ‘ಅಲಾಂಗ್‌ಸೈಡ್’ ಎಂದರೆ ವಿಂಡೋಸ್ ಜೊತೆಗೇ ಉಳಿಯುತ್ತದೆ. ಸಮಯವಲಯಕ್ಕೆ ಕೋಲ್ಕತಾ ಆರಿಸಿ, ಭಾರತದ ಸಮಯಕ್ಕೆ ಅಲ್ಲಿರುವ ಹೆಸರು ಅದೇ. ಬೆಂಗಳೂರು ಹುಡುಕುತ್ತಾ ಕೂರಬೇಡಿ.

ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ಪರದೆಯಲ್ಲಿ ಹೇಳಿದಾಗ ಪೆನ್‌ಡ್ರೈವ್ ಕಿತ್ತು ಎಂಟರ್ ಒತ್ತಿ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಸೇರಿಸಿಕೊಳ್ಳಿ. ಇದನ್ನು ಬರೆದದ್ದು ಅದರಲ್ಲೇ.